ಸೂಕ್ಷ್ಮಜೀವಿಗಳು ತಯಾರಿಸುವ ಸಾಬೂನು

ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೂ ಸೀಗೆಕಾಯಿ, ಅಂಟುವಾಳಗಳ ನೊರೆ ತಲೆಯ ಎಣ್ಣೆಯನ್ನು ತೊಡೆದುಹಾಕುತ್ತದೆ. ಈ ಕಾಯಿಗಳಲ್ಲಿರುವ ಸ್ಯಾಪೋನಿನ್ ಎಂಬ ವಸ್ತುವಿನ ಅಣುವಿಗೆ ಎರಡು ಸ್ವಭಾವಗಳಿವೆ. ಅದರ ಒಂದು ಭಾಗ ನೀರನ್ನು ಬಯಸುತ್ತದೆ, ಇನ್ನೊಂದು ಭಾಗ ಎಣ್ಣೆಯನ್ನು ಬಯಸುತ್ತದೆ. ಇಂತಹ ವಸ್ತುಗಳಿಗೆ ಸರ್ಫ್ಯಾಕ್ಟೆಂಟ್ ಅಥವಾ ಮೇಲ್ಮೈ ಸಕ್ರಿಯಕಗಳೆಂದು ಹೆಸರು. ಸಸ್ಯಗಳಂತೆಯೇ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳೂ ಇವುಗಳನ್ನು ತಯಾರಿಸಬಲ್ಲವು. ಇವೇ ಜೈವಿಕ ಸರ್ಫ್ಯಾಕ್ಟೆಂಟ್‌ಗಳು.

ಕಾರ್ಯವಿಧಾನ

ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಆಕರ್ಷಿಸುವುದರಿಂದ ಅದರ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುತ್ತದೆ. ಈ ಮೇಲ್ಮೈ ಎಳೆತವು ಸಾಧಾರಣ ಉಷ್ಣತೆಯಲ್ಲಿ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಸ್ರವಿಸುವ ಸರ್ಫ್ಯಾಕ್ಟಿನ್‌ನ ಅತ್ಯಲ್ಪ ಪ್ರಮಾಣವೇ ಅದನ್ನು ಸುಮಾರು 27ಕ್ಕೆ ಇಳಿಸುತ್ತದೆ. ಈ ವಸ್ತುವನ್ನು ಜಪಾನಿನ ವಿಜ್ಞಾನಿಗಳು 1968ರಲ್ಲಿ ವರದಿ ಮಾಡಿದರು. ಅದಕ್ಕೂ ಮೊದಲೇ, 1949ರಲ್ಲಿ, ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ರ‍್ಯಾಮ್ನೋಲಿಪಿಡ್‌ನ ರಚನೆ ವಿವರಿಸಲ್ಪಟ್ಟಿತ್ತು. ಯೀಸ್ಟ್‌ಗಳಿಂದ ದೊರೆಯುವ ಸೊಫೊರೊಲಿಪಿಡ್ ಮೂರನೆಯ ಮುಖ್ಯ ಬಗೆ.

ಸೂಕ್ಷ್ಮಜೀವಿಗಳು ಇದನ್ನು ತಮ್ಮ ಜೀವನಾವಶ್ಯಕತೆಗಾಗಿಯೇ ತಯಾರಿಸುತ್ತವೆ. ಎಣ್ಣೆಯನ್ನು ಆಹಾರವಾಗಿ ಬಳಸುವ ಬ್ಯಾಕ್ಟೀರಿಯಾ ಅದರ ಮೇಲ್ಮೈಯನ್ನಷ್ಟೇ ಮುಟ್ಟಬಲ್ಲದು. ಎಣ್ಣೆಯ ಒಂದು ಹನಿ ಸಾವಿರ ಸಮನಾದ ಕಿರುಹನಿಗಳಾಗಿ ಒಡೆದರೆ ಒಟ್ಟು ಮೇಲ್ಮೈ ಹತ್ತು ಪಟ್ಟು ಹೆಚ್ಚುತ್ತದೆ. ಸರ್ಫ್ಯಾಕ್ಟೆಂಟ್ ಮಾಡುವ ಕೆಲಸ ಇದೇ. ಇದಲ್ಲದೆ ಮೇಲ್ಮೈಗಳ ಮೇಲೆ ಹರಡಲು ಮತ್ತು ಎದುರಾಳಿ ಜೀವಿಗಳನ್ನು ದೂರವಿಡಲು ಕೂಡ ಅದು ನೆರವಾಗುತ್ತದೆ.

ಠಾಣೆ ಖಾಡಿಯ ನಿದರ್ಶನ

ಈ ಜ್ಞಾನ ಎಲ್ಲಿ ಉಪಯುಕ್ತವೆಂಬುದನ್ನು ಮಹಾರಾಷ್ಟ್ರದ ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ಪರಿಸರದಲ್ಲಿ ಕಾಣಬಹುದು. ಕನ್ನಡಿಗರೂ ಗಣನೀಯ ಸಂಖ್ಯೆಯಲ್ಲಿ ನೆಲೆಸಿರುವ ಈ ನಗರಗಳು ದೊಡ್ಡ ಕೈಗಾರಿಕಾ ಕೇಂದ್ರಗಳೂ ಹೌದು. ಕಲ್ಯಾಣ, ಡೊಂಬಿವಲಿಗಳ ಪಕ್ಕದಲ್ಲಿ ಉಲ್ಹಾಸ್ ನದಿ ಹರಿಯುತ್ತದೆ. ಠಾಣೆ ಮತ್ತು ನವಿ ಮುಂಬಯಿಯ ಅಂಚಿನಲ್ಲಿ ಠಾಣೆ ಖಾಡಿ ಎಂಬ ಕಡಲ ತೋಳು ಒಳನಾಡಿಗೆ ಚಾಚಿದೆ. ಮನೆಗಳ ಕೊಳಚೆ, ಮಾರ್ಜಕಗಳ ನೊರೆ, ಕಾರ್ಖಾನೆಗಳ ತ್ಯಾಜ್ಯ ಇವೆಲ್ಲದರ ಭಾರವನ್ನು ಈ ಜಲಮಾರ್ಗಗಳು ಹೊತ್ತಿವೆ. ಖಾಡಿಯ ಕೆಸರಿನಲ್ಲಿ ಪಾದರಸದಂತಹ ಲೋಹಗಳಿರುವುದನ್ನು ಅಧ್ಯಯನಗಳು ತೋರಿಸಿವೆ. ಅದೇ ಖಾಡಿಗೆ ವರ್ಷವೂ ರಾಜಹಂಸಗಳು ಬರುತ್ತವೆ. 2015ರಲ್ಲಿ ಅದರ ಒಂದು ಭಾಗವನ್ನು ರಾಜಹಂಸ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು.

2010ರ ಆಗಸ್ಟ್ 7ರಂದು ಮುಂಬಯಿ ಬಂದರಿನ ಬಳಿ ಎಂಎಸ್‌ಸಿ ಚಿತ್ರಾ ಮತ್ತು ಎಂವಿ ಖಲೀಜಿಯಾ-3 ಎಂಬ ಹಡಗುಗಳು ಡಿಕ್ಕಿ ಹೊಡೆದವು. ಚಿತ್ರಾದಿಂದ ಸುಮಾರು 800 ಟನ್ ಇಂಧನ ತೈಲ ಸಮುದ್ರಕ್ಕೆ ಸೋರಿತು. ಅದು ಕರಾವಳಿಯ ಕಾಂಡ್ಲಾ ಕಾಡುಗಳಿಗೂ ಅಂಟಿತು. ಮೀನು ತಿನ್ನಲು ಜನ ಅಂಜಿದ್ದರಿಂದ ಮೀನುಗಾರರ ಜೀವನೋಪಾಯಕ್ಕೂ ಪೆಟ್ಟು ಬಿದ್ದಿತು. ಕಾಂಡ್ಲಾ ಗಿಡಗಳು ಕೆಸರಿನಿಂದ ಮೇಲಕ್ಕೆ ಚಾಚುವ ಬೇರುಗಳ ಮೂಲಕ ಉಸಿರಾಡುತ್ತವೆ. ಅವುಗಳ ರಂಧ್ರಗಳನ್ನು ತೈಲ ಮುಚ್ಚಿದರೆ ಗಿಡ ಸಾಯಬಹುದು. ಮೆತ್ತನೆಯ ಕೆಸರಿನಲ್ಲಿ ಯಂತ್ರಗಳನ್ನು ಇಳಿಸುವಂತಿಲ್ಲ; ಜನರು ತುಳಿದಾಡಿದರೆ ತೈಲ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಇಂತಹ ಕಡೆ ಸೂಕ್ಷ್ಮಜೀವಿಗಳ ನೆರವಿಗೆ ವಿಶೇಷ ಮಹತ್ವವಿದೆ.

ತೈಲವನ್ನು ಚದುರಿಸುವ ರಾಸಾಯನಿಕಗಳು ಹಿಂದಿನಿಂದಲೂ ಇವೆ. ಆದರೆ 1967ರಲ್ಲಿ ಇಂಗ್ಲೆಂಡಿನ ಬಳಿ ಟೋರಿ ಕ್ಯಾನ್ಯನ್ ಹಡಗು ಒಡೆದಾಗ ಸುರಿದ ಮಾರ್ಜಕಗಳು ಹಲವೆಡೆ ತೈಲಕ್ಕಿಂತಲೂ ಹೆಚ್ಚಾಗಿ ಕಡಲ ಜೀವಿಗಳನ್ನು ಕೊಂದವು. ಈ ಅನುಭವವೇ ಕಡಿಮೆ ವಿಷಕಾರಿಯಾದ ವಸ್ತುಗಳ ಶೋಧಕ್ಕೆ ಪ್ರೇರಣೆ ನೀಡಿತು. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಸೋರಿದ ಬಳಿಕ, ಅಲ್ಲಿನ ಜಲ್ಲಿಕಲ್ಲುಗಳಿಂದ ತೈಲ ಬಿಡಿಸಲು ಸ್ಯೂಡೋಮೊನಾಸ್‌ನ ಸರ್ಫ್ಯಾಕ್ಟೆಂಟನ್ನು ಪರೀಕ್ಷಿಸಲಾಯಿತು. ಬರಿಯ ನೀರಿಗಿಂತ ಅದು ಹೆಚ್ಚು ಫಲಕಾರಿಯೆಂದು ಕಂಡುಬಂತು. ಭಾರತದಲ್ಲಿ ಟೆರಿ ಸಂಸ್ಥೆಯು ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ‘ಆಯಿಲ್‌ಝ್ಯಾಪರ್’ ಎಂಬ ಬ್ಯಾಕ್ಟೀರಿಯಾ ಮಿಶ್ರಣವನ್ನು ರೂಪಿಸಿದೆ. ತೈಲದ ಬೇರೆ ಬೇರೆ ಅಂಶಗಳನ್ನು ಬೇರೆ ಬೇರೆ ಜೀವಿಗಳು ಅರಗಿಸುವುದು ಅದರ ತತ್ತ್ವ.

ಇತರ ಉಪಯೋಗಗಳು

ರ‍್ಯಾಮ್ನೋಲಿಪಿಡ್ ಸೀಸ, ಕ್ಯಾಡ್ಮಿಯಂಗಳಂತಹ ಲೋಹಗಳನ್ನು ಹಿಡಿದುಕೊಳ್ಳುವುದರಿಂದ ಕಲುಷಿತ ಮಣ್ಣನ್ನು ತೊಳೆಯಲು ಉಪಯುಕ್ತ. ಕೃಷಿಯಲ್ಲಿ ಅದು ಕೆಲವು ಶಿಲೀಂಧ್ರಗಳ ಚಲಿಸುವ ಬೀಜಾಣುಗಳನ್ನು ಒಡೆದು ಬೆಳೆಯನ್ನು ರಕ್ಷಿಸುತ್ತದೆ. ತೈಲಬಾವಿಗಳಲ್ಲಿ ಬಂಡೆಗೆ ಅಂಟಿ ಉಳಿದ ತೈಲವನ್ನು ಸಡಿಲಿಸಲು, ಸೌಂದರ್ಯವರ್ಧಕಗಳಲ್ಲಿ, ಪಾತ್ರೆ ತೊಳೆಯುವ ದ್ರವಗಳಲ್ಲಿಯೂ ಇವುಗಳ ಬಳಕೆಯಿದೆ. ಯುನಿಲಿವರ್ ಸಂಸ್ಥೆ 2019ರಲ್ಲಿ ಚಿಲಿ ದೇಶದಲ್ಲಿ ರ‍್ಯಾಮ್ನೋಲಿಪಿಡ್ ಬೆರೆಸಿದ ಇಂತಹ ದ್ರವವನ್ನು ಮಾರುಕಟ್ಟೆಗೆ ತಂದಿತು. 2024ರಲ್ಲಿ ಜರ್ಮನಿಯ ಇವೋನಿಕ್ ಸಂಸ್ಥೆ ಸ್ಲೊವಾಕಿಯಾದಲ್ಲಿ ಇದರ ದೊಡ್ಡ ಕಾರ್ಖಾನೆಯನ್ನು ಆರಂಭಿಸಿತು.

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಉಕ್ಕಿ, ಬೆಂಕಿಯನ್ನೂ ಹಿಡಿದುದನ್ನು ಕನ್ನಡಿಗರು ಮರೆತಿರಲಾರರು. ಕೊಳಚೆ ನೀರಿನೊಡನೆ ಹರಿದುಬಂದ ಮಾರ್ಜಕಗಳು ಆ ನೊರೆಗೆ ಮುಖ್ಯ ಕಾರಣಗಳಲ್ಲೊಂದು. ಜೈವಿಕ ಸರ್ಫ್ಯಾಕ್ಟೆಂಟ್‌ಗಳು ನಿಸರ್ಗದಲ್ಲಿ ಬೇಗನೆ ಕೊಳೆತು ಕರಗುತ್ತವೆ. ಆದರೆ ಕೊಳಚೆ ನೀರನ್ನು ಶುದ್ಧೀಕರಿಸುವ ಹೊಣೆಯಿಂದ ಅವು ಯಾರನ್ನೂ ಮುಕ್ತಗೊಳಿಸುವುದಿಲ್ಲ.

ಮಿತಿಗಳು

ಬೆಲೆಯೇ ಇವುಗಳ ದೊಡ್ಡ ತೊಡಕು. ಹುದುಗುವ ತೊಟ್ಟಿಯಲ್ಲಿ ನೊರೆ ಉಕ್ಕುತ್ತದೆ. ವಸ್ತುವನ್ನು ಬೇರ್ಪಡಿಸಿ ಶುದ್ಧಗೊಳಿಸಲು ಖರ್ಚು ತಗಲುತ್ತದೆ. ಆದ್ದರಿಂದ ಕಾಕಂಬಿ, ಹಾಲೊಡಕು, ಕರಿದು ಉಳಿದ ಎಣ್ಣೆ ಮುಂತಾದ ಅಗ್ಗದ ಪದಾರ್ಥಗಳನ್ನು ಜೀವಿಗಳ ಆಹಾರವಾಗಿ ಬಳಸುವ ಪ್ರಯತ್ನಗಳು ನಡೆದಿವೆ. ನೈಸರ್ಗಿಕವಾದುದೆಲ್ಲವೂ ನಿರಪಾಯವೆಂದು ತಿಳಿಯುವಂತೆಯೂ ಇಲ್ಲ. ಸ್ಯೂಡೋಮೊನಾಸ್ ಏರುಜಿನೋಸಾ ದುರ್ಬಲ ರೋಗಿಗಳಿಗೆ ಸೋಂಕು ತರಬಲ್ಲದು. ಸರ್ಫ್ಯಾಕ್ಟಿನ್ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಹೀಗಾಗಿ ನಿರಪಾಯಕಾರಿ ಜೀವಿಗಳ ಆಯ್ಕೆ ಮತ್ತು ಸೂಕ್ತ ಪರೀಕ್ಷೆ ಅಗತ್ಯ.

ಸೋರಿದ ತೈಲವನ್ನು ಬ್ಯಾಕ್ಟೀರಿಯಾ ಅರಗಿಸಲು ವಾರಗಳು, ತಿಂಗಳುಗಳು ಬೇಕಾಗುತ್ತವೆ. ಅದು ಸೋರದಂತೆ ತಡೆಯುವುದೇ ಮೊದಲ ಕರ್ತವ್ಯ. ಅಡುಗೆಮನೆಯ ಎಣ್ಣೆಯನ್ನು ಚರಂಡಿಗೆ ಸುರಿಯದಿರುವುದು, ಮಾರ್ಜಕವನ್ನು ಅಳತೆಯಿಂದ ಬಳಸುವುದು ಪ್ರತಿಯೊಂದು ಮನೆಯೂ ಇಂದೇ ಕೈಗೊಳ್ಳಬಹುದಾದ ಕ್ರಮಗಳು. ಖಾಡಿಯ ಕೆಸರಿನಲ್ಲಿ ಸದ್ದಿಲ್ಲದೆ ದುಡಿಯುತ್ತಿರುವ ಸೂಕ್ಷ್ಮಜೀವಿಗಳ ಹೊರೆಯನ್ನು ಅಷ್ಟರಮಟ್ಟಿಗಾದರೂ ಮನುಷ್ಯನು ಇಳಿಸಬಲ್ಲನು.