ನಿರಿಗೆಗೆ ಒಪ್ಪುವ ಕೋಟು: ಕಿಲ್ಟ್ ಉಡುಪು ಮತ್ತು ಔಚಿತ್ಯದ ಪ್ರಶ್ನೆ

ಗ್ಲಾಸ್ಗೋ ನಗರದ ತರುಣನೊಬ್ಬ ಗೆಳೆಯನ ಮದುವೆಗೆ ಸಿದ್ಧನಾಗುತ್ತಿದ್ದಾನೆ ಎಂದಿಟ್ಟುಕೊಳ್ಳಬಹುದು. ಅಜ್ಜನ ಕಾಲದ ಕಿಲ್ಟ್ ಒಂದು ಮನೆಯಲ್ಲಿದೆ. ಅದಕ್ಕೆಂದೇ ಹೊಲಿಸಿದ ಕೋಟು ಇಲ್ಲ. ಕಚೇರಿಗೆ ತೊಡುವ ಕಪ್ಪು ಕೋಟನ್ನೇ ಅದರ ಮೇಲೆ ತೊಟ್ಟು ಕನ್ನಡಿಯ ಮುಂದೆ ನಿಂತಾಗ ಏನೋ ಕೆಟ್ಟಿದೆ ಎನಿಸುತ್ತದೆ. ಕಿಲ್ಟ್ ಚೆನ್ನಾಗಿದೆ, ಕೋಟೂ ಚೆನ್ನಾಗಿದೆ; ಎರಡೂ ಕೂಡಿದಾಗ ಮಾತ್ರ ಚೆನ್ನಾಗಿಲ್ಲ. ಇದಕ್ಕೆ ಕಾರಣವೇನು? 'ಸಂಪ್ರದಾಯ ಒಪ್ಪುವುದಿಲ್ಲ' ಎಂಬುದು ಒಂದು ಉತ್ತರ. 'ಕಣ್ಣು ಒಪ್ಪುವುದಿಲ್ಲ' ಎಂಬುದು ಇನ್ನೊಂದು. ಇವೆರಡೂ ಒಂದೇ ಅಲ್ಲ. ಕಾವ್ಯಮೀಮಾಂಸೆಯನ್ನು ಓದುವವರಿಗೆ ಈ ಪ್ರಶ್ನೆ ಹೊಸದೇನೂ ಅಲ್ಲ. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ವಿವರಿಸಲು ಹೊರಟಾಗ ಎತ್ತಿಕೊಂಡದ್ದು ಉಡುಗೆ ತೊಡುಗೆಯ ಉದಾಹರಣೆಯನ್ನೇ: ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ಧರಿಸಿದರೆ ಆಭರಣಕ್ಕೆ ದೋಷವಿಲ್ಲದಿದ್ದರೂ ನಗೆಪಾಟಲು ತಪ್ಪದು. ವಸ್ತುವಿನ ಗುಣ ಬೇರೆ, ಅದರ ಕೂಡುವಿಕೆಯ ಗುಣ ಬೇರೆ.

ಕಿಲ್ಟ್ ಎಂಬುದು ಸ್ಕಾಟ್ಲೆಂಡಿನ ಉತ್ತರದ ಬೆಟ್ಟನಾಡಾದ ಹೈಲೆಂಡ್ ಪ್ರದೇಶದ ಗಂಡಸರ ಉಡುಗೆ. ಉಣ್ಣೆಯ ದಪ್ಪ ಬಟ್ಟೆಯನ್ನು ಹಿಂಬದಿಯಲ್ಲಿ ಒತ್ತಾಗಿ ನಿರಿಗೆ ಹಿಡಿದು ಹೊಲಿದಿರುತ್ತಾರೆ. ಮುಂಬದಿಯಲ್ಲಿ ನಿರಿಗೆಯಿಲ್ಲದ ಎರಡು ಮಡಿಕೆಗಳು ಒಂದರ ಮೇಲೊಂದು ಬರುತ್ತವೆ. ಪೂರ್ಣಪ್ರಮಾಣದ ಕಿಲ್ಟ್‌ಗೆ ಎಂಟು ಗಜ, ಎಂದರೆ ಸುಮಾರು 7 ಮೀಟರ್ ಬಟ್ಟೆ ಬೇಕು. ಷರಾಯಿಯಂತೆ ಅದು ಸೊಂಟದ ಕೆಳಗೆ ಜಾರಿ ನಿಲ್ಲುವುದಿಲ್ಲ. ಹೊಕ್ಕುಳಿನ ಮಟ್ಟದಲ್ಲಿ ಬಿಗಿದು, ಕೆಳಗಿನ ಅಂಚು ಮೊಣಕಾಲಿನ ನಡುವಿಗೆ ಬರುವಂತೆ ಉಡುವುದು ರೂಢಿ. ಬಟ್ಟೆಯ ಮೇಲಿನ ಬಣ್ಣಬಣ್ಣದ ಚೌಕಳಿ ವಿನ್ಯಾಸಕ್ಕೆ ಟಾರ್ಟನ್ ಎಂದು ಹೆಸರು. ಕಿಲ್ಟ್‌ಗೆ ಜೇಬಿಲ್ಲದ ಕಾರಣ ಸ್ಪೋರನ್ ಎಂಬ ತೊಗಲಿನ ಚೀಲವೊಂದು ಮುಂದೆ ತೂಗುತ್ತದೆ. ಮೊಣಕಾಲಿನ ಕೆಳಗೆ ಮಡಿಚಿದ ದಪ್ಪ ಉಣ್ಣೆಯ ಕಾಲುಚೀಲಗಳು ಈ ಉಡುಪನ್ನು ಪೂರ್ಣಗೊಳಿಸುತ್ತವೆ.

ಮೊದಲಿನ ರೂಪ ಹೀಗಿರಲಿಲ್ಲ. 16ನೆಯ ಶತಮಾನದ ಕೊನೆಯ ವೇಳೆಗೆ ಬಳಕೆಯಲ್ಲಿದ್ದ ದೊಡ್ಡ ಕಿಲ್ಟ್ ಹೊಲಿಗೆಯಿಲ್ಲದ ಉದ್ದನೆಯ ಉಣ್ಣೆಯ ಹೊದಿಕೆ. ಉಡುವವನು ಪ್ರತಿದಿನವೂ ತಾನೇ ಅದಕ್ಕೆ ನಿರಿಗೆ ಹಿಡಿದು, ನಡುಪಟ್ಟಿಯಿಂದ ಬಿಗಿದು, ಉಳಿದ ಭಾಗವನ್ನು ಭುಜದ ಮೇಲೆ ಹಾಕಿಕೊಳ್ಳುತ್ತಿದ್ದನು. ಹಗಲಿನ ಉಡುಗೆಯೇ ರಾತ್ರಿಯ ಕಂಬಳಿಯೂ ಆಗಿತ್ತು. ಸೀರೆಯ ಅಥವಾ ಕಚ್ಚೆಪಂಚೆಯ ನಿರಿಗೆಯನ್ನು ಬಲ್ಲ ಕನ್ನಡಿಗರಿಗೆ ಇದರ ಬಗೆ ಸುಲಭವಾಗಿ ಅರ್ಥವಾಗುತ್ತದೆ. 18ನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಹೊದಿಕೆಯ ಮೇಲರ್ಧವನ್ನು ಬಿಟ್ಟು ಕೆಳಗಿನ ಅರ್ಧವನ್ನಷ್ಟೇ ಉಡುವ ಚಿಕ್ಕ ಕಿಲ್ಟ್ ಪ್ರಚಾರಕ್ಕೆ ಬಂದಿತು. ಕಬ್ಬಿಣದ ಕುಲುಮೆಯನ್ನು ನಡೆಸುತ್ತಿದ್ದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಉದ್ಯಮಿ ತನ್ನ ಕೆಲಸಗಾರರ ಅನುಕೂಲಕ್ಕಾಗಿ ಇದನ್ನು ರೂಪಿಸಿದನೆಂಬ ಮಾತು ಆ ಶತಮಾನದಿಂದಲೂ ಇದೆ. ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಲ್ಲ. ರೂಪಿಸಿದವರು ಯಾರೇ ಆಗಿರಲಿ, ಪರಿಣಾಮ ಮಾತ್ರ ಸ್ಪಷ್ಟ. ಹೊದಿಕೆಯ ಮರೆಯಲ್ಲಿರುತ್ತಿದ್ದ ಮೇಲಂಗಿ ಈಗ ಎದ್ದು ಕಂಡಿತು. ಕೆಳಗೆ ಬೆಟ್ಟನಾಡಿನ ನಿರಿಗೆ, ಮೇಲೆ ಯೂರೋಪಿನ ದರ್ಜಿಯ ಕತ್ತರಿಯಿಂದ ಬಂದ ಕೋಟು ಎಂಬ ಜೋಡಿ ಹೀಗೆ ನೆಲೆಗೊಂಡಿತು.

ಈ ಜೋಡಿಯ ಚರಿತ್ರೆಯಲ್ಲಿ ಒಂದು ವಿಪರ್ಯಾಸವಿದೆ. 1745ರ ಜಾಕೊಬೈಟ್ ದಂಗೆ ಸೋತ ಮೇಲೆ ಬ್ರಿಟಿಷ್ ಪಾರ್ಲಿಮೆಂಟು 1746ರ ಕಾಯಿದೆಯ ಮೂಲಕ ಹೈಲೆಂಡ್ ಉಡುಪನ್ನು ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯ ತಪ್ಪಿಗೆ ಏಳು ವರ್ಷಗಳ ಗಡೀಪಾರು. ನಿಷೇಧ ತೆರವಾದದ್ದು 1782ರಲ್ಲಿ. ಆದರೆ ದೊರೆಯ ಸೈನ್ಯದಲ್ಲಿ ದುಡಿಯುವ ಹೈಲೆಂಡ್ ಪಡೆಗಳಿಗೆ ಈ ಕಾಯಿದೆ ಅನ್ವಯಿಸಲಿಲ್ಲ. ಹೀಗಾಗಿ ಮನೆಯಲ್ಲಿ ಉಡಲಾಗದ ಕಿಲ್ಟ್ ಉಳಿದುಕೊಂಡದ್ದು ಅದನ್ನು ನಿಷೇಧಿಸಿದ ಸರ್ಕಾರದ ಕೆಂಪು ಕೋಟಿನ ಕೆಳಗೆ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೊಗೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟನ ಮೇಲ್ವಿಚಾರಣೆಯಲ್ಲಿ ನಡೆದ ಸ್ವಾಗತದಲ್ಲಿ ಇದೇ ಉಡುಪು ಇಡೀ ಸ್ಕಾಟ್ಲೆಂಡಿನ ರಾಷ್ಟ್ರೀಯ ಉಡುಪಿನ ಸ್ಥಾನಕ್ಕೇರಿತು. ಸ್ವತಃ ದೊರೆಯೇ ಕಿಲ್ಟ್ ಉಟ್ಟನು. ಆದರೆ ಅದರ ಅಂಚು ಮೊಣಕಾಲಿಗಿಂತ ಬಹಳ ಮೇಲಿತ್ತು. ಕಾಲಿಗೆ ಮೈಬಣ್ಣದ ಬಿಗಿಯುಡುಪಿತ್ತು. ವ್ಯಂಗ್ಯಚಿತ್ರಕಾರರಿಗೆ ಅದು ಹಬ್ಬವಾಯಿತು. ದೊರೆಯ ಪದವಿಯಾಗಲಿ ಬಟ್ಟೆಯ ಬೆಲೆಯಾಗಲಿ ಕೂಡದ ಜೋಡಿಯನ್ನು ಕೂಡಿಸಲಾರವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಇಂದು 'ಶುದ್ಧ' ಎನಿಸಿಕೊಳ್ಳುವ ಕಿಲ್ಟ್ ಉಡುಪೇ ಒಂದು ಮಿಶ್ರಣ ಎಂಬುದು ಇದರಿಂದ ತಿಳಿಯುತ್ತದೆ. ಸಂಜೆಯ ಸಮಾರಂಭಕ್ಕೆ ತೊಡುವ 'ಪ್ರಿನ್ಸ್ ಚಾರ್ಲಿ' ಎಂಬ ಗಿಡ್ಡ ಕೋಟಾಗಲಿ, ಹಗಲಿಗೆ ತೊಡುವ 'ಆರ್ಗೈಲ್' ಕೋಟಾಗಲಿ, ಬೆಟ್ಟದ ದನಗಾಹಿಗಳಿಂದ ಬಂದುದಲ್ಲ. ಹಾಗೆಂದ ಮಾತ್ರಕ್ಕೆ ಯಾವುದನ್ನು ಯಾವುದರೊಡನೆ ಬೆರೆಸಿದರೂ ನಡೆಯುತ್ತದೆ ಎಂದಾಗುವುದಿಲ್ಲ. ಸಂಪ್ರದಾಯದ ಹೆಸರನ್ನು ಬದಿಗಿಟ್ಟ ಮೇಲೂ ತೀರ್ಪಿಗೆ ಆಧಾರಗಳು ಉಳಿಯುತ್ತವೆ.

ಮೊದಲನೆಯದು ಪ್ರಮಾಣ. ಕಚೇರಿಯ ಕೋಟು ಷರಾಯಿಗಾಗಿ ಕತ್ತರಿಸಿದ್ದು. ಅದರ ಅಂಚು ಪೃಷ್ಠವನ್ನು ಮುಚ್ಚುತ್ತದೆ. ಅದನ್ನು ಕಿಲ್ಟ್ ಮೇಲೆ ತೊಟ್ಟಾಗ ನಿರಿಗೆಗಳ ಬಹುಭಾಗ ಮರೆಯಾಗುತ್ತದೆ. ಉಳಿದ ಗಿಡ್ಡ ತುಂಡು ಕೋಟಿನ ಕೆಳಗೆ ಹಣಕುತ್ತದೆ. ಹಿಂಬದಿಯ ನಿರಿಗೆಗಳು ಕೋಟಿನ ಅಂಚನ್ನು ಹೊರಕ್ಕೆ ತಳ್ಳುತ್ತವೆ; ಮುಂಬದಿಯಲ್ಲಿ ಕೋಟಿನ ಅಂಚು ಸ್ಪೋರನ್ ಮೇಲೆ ಕವಿಯುತ್ತದೆ. ದೇಹ ಉದ್ದವಾಗಿಯೂ ಕಾಲು ಮೋಟಾಗಿಯೂ ಕಾಣುತ್ತದೆ. ಕಿಲ್ಟ್ ಕೋಟು ಗಿಡ್ಡವಾಗಿರುವುದಕ್ಕೂ, ಅದರ ಮುಂಭಾಗವನ್ನು ಓರೆಯಾಗಿ ಕತ್ತರಿಸಿರುವುದಕ್ಕೂ ಇದೇ ಕಾರಣ. ನಿಯಮ ಎಂದು ಕಾಣುವುದರ ಹಿಂದೆ ಒಂದು ಅವಶ್ಯಕತೆ ಇದೆ.

ಇದೇ ತತ್ತ್ವ ಬೇರೆ ಬಟ್ಟೆಯಲ್ಲಿ ಬೇರೆ ಫಲವನ್ನು ಕೊಡುತ್ತದೆ. ಕನ್ನಡ ನಾಡಿನ ಹಳೆಯ ಛಾಯಾಚಿತ್ರಗಳಲ್ಲಿ ಕಚ್ಚೆಪಂಚೆಯ ಮೇಲೆ ಉದ್ದನೆಯ ಕೋಟು ತೊಟ್ಟು, ತಲೆಗೆ ಪೇಟ ಸುತ್ತಿ, ಹೆಗಲಿಗೆ ಶಲ್ಯ ಹಾಕಿದ ಅಧ್ಯಾಪಕರನ್ನೂ ವಕೀಲರನ್ನೂ ಕಾಣಬಹುದು. ಅಲ್ಲಿಯೂ ಹೊಲಿಯದ ಬಟ್ಟೆಯೊಡನೆ ಪಾಶ್ಚಾತ್ಯ ಕೋಟು ಕೂಡಿದೆ. ಆದರೆ ಪಂಚೆ ತೆಳುವಾದ ಹತ್ತಿಯದು, ಪಾದದವರೆಗೆ ಇಳಿಯುವಂಥದು. ಕೋಟು ಎಷ್ಟು ಉದ್ದವಾದರೂ ಅದರ ಕೆಳಗೆ ಪಂಚೆಗೆ ಸಾಕಷ್ಟು ಸ್ಥಳ ಉಳಿಯುತ್ತದೆ. ಕೋಟಿನ ನೇರ ಗೆರೆ ಪಂಚೆಯ ಸಡಿಲಕ್ಕೆ ಒಂದು ಕಟ್ಟನ್ನು ಕೊಡುತ್ತದೆ. ಅದೇ ಉದ್ದನೆಯ ಕೋಟು ಕಿಲ್ಟ್‌ಗೆ ಒಪ್ಪದು. ಪ್ರಿನ್ಸ್ ಚಾರ್ಲಿಯ ಗಿಡ್ಡ ಕೋಟು ಪಂಚೆಗೆ ಒಪ್ಪದು. ಒಂದು ಕಡೆಯ ನಿಯಮವನ್ನು ಇನ್ನೊಂದು ಕಡೆಗೆ ಒಯ್ಯಲಾಗದು. ನಿಯಮದ ಹಿಂದಿರುವ ಕಾರಣವನ್ನು ಮಾತ್ರ ಒಯ್ಯಬಹುದು.

ಎರಡನೆಯದು ತೂಕ. ಕಿಲ್ಟ್ ಬಟ್ಟೆ ದಪ್ಪ, ಒರಟು. ಅದರೊಡನೆ ಸಮಬಲದ ವಸ್ತುಗಳೇ ನಿಲ್ಲಬಲ್ಲವು: ಟ್ವೀಡ್ ಕೋಟು, ಕೈಯಿಂದ ಹೆಣೆದ ಉಣ್ಣೆಯ ಸ್ವೆಟರ್, ಗಟ್ಟಿ ಅಟ್ಟೆಯ ಬೂಟು. ಮಿರುಗುವ ತೆಳು ಅಂಗಿಯೋ ಕಚೇರಿಯ ತೆಳ್ಳನೆಯ ಕಪ್ಪು ಕಾಲುಚೀಲವೋ ಅದರ ಪಕ್ಕದಲ್ಲಿ ಬಡವಾಗಿ ಕಾಣುತ್ತವೆ. ಸ್ವೆಟರಿನೊಡನೆ ಕಿಲ್ಟ್ ಉಟ್ಟವನು ಶಾಸ್ತ್ರೋಕ್ತ ಕೋಟು ತೊಡದಿದ್ದರೂ ಚೆನ್ನಾಗಿ ಕಾಣುವುದಕ್ಕೆ ಕಾರಣ ಈ ಸಮತೂಕವೇ.

ಮೂರನೆಯದು ಸಂಯಮ. ಟಾರ್ಟನ್ ತಾನೇ ಹೆಚ್ಚು ಮಾತನಾಡುವ ವಿನ್ಯಾಸ. ಅದರ ಮೇಲೆ ಚೌಕಳಿ ಅಂಗಿ, ಹೂವಿನ ಟೈ ಸೇರಿದರೆ ಎಲ್ಲರೂ ಒಮ್ಮೆಗೇ ಮಾತನಾಡುವ ಸಭೆಯಂತಾಗುತ್ತದೆ. ಅಂಗಿ ಸಾದಾ ಇದ್ದು, ಟಾರ್ಟನ್‌ನ ಸಣ್ಣ ಗೆರೆಯೊಂದರ ಬಣ್ಣ ಟೈಯಲ್ಲಿ ಮರುಕಳಿಸಿದರೆ ಸಾಕು. ವೇಸ್ಟ್‌ಕೋಟು ತೊಟ್ಟಾಗ ಅಗಲವಾದ ನಡುಪಟ್ಟಿಯನ್ನು ಬಿಡಬೇಕೆಂಬ ರೂಢಿಯೂ ಇದೇ ವಿವೇಕದಿಂದ ಬಂದುದು: ಒಂದೇ ಸ್ಥಳದಲ್ಲಿ ಎರಡು ಅಲಂಕಾರಗಳು ಒಂದನ್ನೊಂದು ಕೆಡಿಸುತ್ತವೆ.

ಆದರೂ ಈ ಆಧಾರಗಳಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಸ್ಕಾಟ್ಲೆಂಡಿನ ಫುಟ್‌ಬಾಲ್ ಅಭಿಮಾನಿಗಳಾದ 'ಟಾರ್ಟನ್ ಆರ್ಮಿ'ಯವರು ಕಿಲ್ಟ್ ಮೇಲೆ ಆಟದ ಜೆರ್ಸಿ ತೊಟ್ಟು, ದಪ್ಪ ಬೂಟಿನ ಮೇಲೆ ಕಾಲುಚೀಲವನ್ನು ಸುರುಳಿಯಾಗಿ ಇಳಿಬಿಟ್ಟು ಊರೂರು ತಿರುಗುತ್ತಾರೆ. ಹಳೆಯ ಲೆಕ್ಕದಲ್ಲಿ ಇದು ಅಪರಾಧ. ಎಡಿನ್‌ಬರೊದ ವಿನ್ಯಾಸಕಾರರು ಡೆನಿಮ್ ಮತ್ತು ತೊಗಲಿನ ಕಿಲ್ಟ್‌ಗಳನ್ನೂ ಹೊಲಿದಿದ್ದಾರೆ. ಇವನ್ನು ಏನೆನ್ನಬೇಕು? ಕನ್ನಡ ವ್ಯಾಕರಣದ ಒಂದು ಪ್ರಸಂಗ ಇಲ್ಲಿ ನೆರವಾಗುತ್ತದೆ. 1112ರ 'ಧರ್ಮಾಮೃತ'ದಲ್ಲಿ ನಯಸೇನನು ಕನ್ನಡದೊಡನೆ ಸಂಸ್ಕೃತವನ್ನು ಬೆರೆಸುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿ ಆಕ್ಷೇಪಿಸಿದನು. 13ನೆಯ ಶತಮಾನದ ಕೇಶಿರಾಜನು ಸಂಸ್ಕೃತ ಕನ್ನಡ ಪದಗಳ ಅರಿಸಮಾಸವನ್ನು ದೋಷವೆಂದೇ ಹೇಳಿದರೂ, ಬಿರುದುಗಳಲ್ಲಿಯೂ ಪೂರ್ವಕವಿಗಳ ಪ್ರಯೋಗಗಳಲ್ಲಿಯೂ ಅದನ್ನು ಒಪ್ಪಿದನು. ಹತ್ತು ಜನ ಹತ್ತು ಕಾಲ ಬಳಸಿ, ಕಿವಿಗೆ ಪಳಗಿದ ಮಿಶ್ರಣ ದೋಷವಾಗಿ ಉಳಿಯುವುದಿಲ್ಲ ಎಂಬ ವಿವೇಕ ಅದರಲ್ಲಿದೆ. ಆಟದ ಮೈದಾನದ ಕಿಲ್ಟ್ ಅಂಥದೊಂದು ಸಂದ ಪ್ರಯೋಗ. ದಪ್ಪ ಬೂಟು ದಪ್ಪ ಬಟ್ಟೆಗೆ ತೂಕ ಕೊಡುತ್ತದೆ, ಸಾದಾ ಜೆರ್ಸಿ ಟಾರ್ಟನ್‌ಗೆ ಎದುರಾಡುವುದಿಲ್ಲ, ಸಂದರ್ಭವೂ ಉಲ್ಲಾಸದ್ದು. ಅದೇ ಜೆರ್ಸಿಯನ್ನು ತೊಟ್ಟು ಮದುವೆಗೆ ಬಂದರೆ ಅದು ಮತ್ತೆ ಅರಿಸಮಾಸವೇ.

ಕನ್ನಡಿಯ ಮುಂದಿನ ತರುಣನಿಗೆ ಈಗ ದಾರಿಯಿದೆ. ಕಪ್ಪು ಕೋಟನ್ನು ತೆಗೆದಿಟ್ಟು, ಹಳೆಯ ಟ್ವೀಡ್ ಕೋಟೊಂದನ್ನು ದರ್ಜಿಯ ಬಳಿಗೆ ಒಯ್ದು, ಅಂಚನ್ನು ಗಿಡ್ಡಗೊಳಿಸಿ ಮುಂಭಾಗವನ್ನು ಓರೆಯಾಗಿ ಕತ್ತರಿಸಿಕೊಂಡರೆ ಹಗಲಿನ ಮದುವೆಗೆ ಸೊಗಸಾದ ಉಡುಪಾಗುತ್ತದೆ. ಹೀಗೆ ಮಾಡಿಸಿಕೊಳ್ಳುವವರು ಇದ್ದಾರೆ. ಅಜ್ಜನ ಕಿಲ್ಟ್ ಪೆಟ್ಟಿಗೆಯಲ್ಲಿ ಉಳಿಯುವುದಿಲ್ಲ; ಬಾಡಿಗೆಯ ಪೋಷಾಕಿಗೂ ಹಣ ತೆರಬೇಕಾಗುವುದಿಲ್ಲ. ಉಡುಪಾಗಲಿ ನುಡಿಯಾಗಲಿ, ಬೆರೆಕೆ ಆಗಿದೆಯೇ ಎಂದು ಕೇಳುವುದರಿಂದ ಹೆಚ್ಚು ತಿಳಿಯುವುದಿಲ್ಲ. ಬೆರೆತ ಎರಡೂ ತಮ್ಮ ತಮ್ಮ ರೂಪದಲ್ಲಿ ಕಾಣುತ್ತಿವೆಯೇ, ಒಂದು ಇನ್ನೊಂದನ್ನು ನುಂಗಿದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ಕೋಟಿನ ಕೆಳಗೆ ನಿರಿಗೆ ಕಾಣುತ್ತಿದ್ದರೆ ಕೂಟ ಕೂಡಿದಂತೆ.