ಕೊಲ್ಹಾಪುರದಲ್ಲಿ ಮನೆ ಹುಡುಕುವಾಗ

ಪ್ರಶ್ನೆ: ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಹೋಗುತ್ತಿದ್ದೇವೆ. ಸಣ್ಣ ಮಕ್ಕಳು, ವಯಸ್ಸಾದ ಅತ್ತೆ ಜೊತೆಗಿದ್ದಾರೆ. ಯಾವ ಭಾಗ ಒಳ್ಳೇದು?

ಉತ್ತರ: ತಂಗಿ, ಬಾಡಿಗೆ ಕೇಳುವ ಮೊದಲು ಪ್ರವಾಹದ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿ. ಪಂಚಗಂಗಾ ನದಿ ರಾಜಾರಾಮ ಬಂಧಾರದ ಬಳಿ 43 ಅಡಿ ಮುಟ್ಟಿದರೆ ಅಪಾಯದ ಮಟ್ಟ. 2019ರಲ್ಲಿ ಅದು 55 ಅಡಿ ದಾಟಿತು, 2021ರಲ್ಲಿ ಮತ್ತೆ ಉಕ್ಕಿತು. ಸುತಾರವಾಡಾ, ದುಧಾಳಿ, ಶಾಹೂಪುರಿಯ ಕುಂಭಾರ ಗಲ್ಲಿಗಳಿಗೆ ನೀರು ನುಗ್ಗಿತ್ತು. ನಾಗಾಳಾ ಪಾರ್ಕ್‌ನಂಥ ಸ್ಥಿತಿವಂತರ ಬಡಾವಣೆಯ ತಗ್ಗು ಭಾಗವೂ ಮುಳುಗಿತು. ಹಾಗಾಗಿ ಬಡಾವಣೆಯ ಹೆಸರು ನೋಡಿ ನಂಬಬೇಡಿ, ಗಲ್ಲಿಗಲ್ಲಿಗೂ ವಿಚಾರಿಸಿ. ದಲ್ಲಾಳಿಗಿಂತ ಎದುರು ಮನೆಯ ಅಜ್ಜಿ ಹೇಳುವುದೇ ಖರೆ.

ನನ್ನ ಒಲವು ರಾಜಾರಾಮಪುರಿಯ ಕಡೆಗೆ. ನದಿಯಿಂದ ದೂರ, ನೆಲ ಎತ್ತರ. ಅಂಗಡಿ, ದವಾಖಾನೆ, ಶಾಲೆ ನಡೆದು ಹೋಗುವಷ್ಟು ಹತ್ತಿರ. ಊರಿನ ಬಸ್ ಹಿಡಿಯಲು ಮಧ್ಯವರ್ತಿ ನಿಲ್ದಾಣವೂ ದೂರವಿಲ್ಲ. ಶಿವಾಜಿ ಪೇಠೆ, ಮಂಗಳವಾರ ಪೇಠೆಗಳಲ್ಲಿ ಓಣಿ ಇಕ್ಕಟ್ಟು. ಆದರೆ ಅಲ್ಲಿ ಕುಸ್ತಿ ತಾಲೀಮುಗಳ ಸುತ್ತ ಬೆಳೆದ ನೆರೆಹೊರೆ ಗಟ್ಟಿ. ನೀವಿಬ್ಬರೂ ದುಡಿಯಲು ಹೋದರೆ ಅತ್ತೆಯವರಿಗೆ ಮಾತಿಗೆ ಜನ ಸಿಗುತ್ತಾರೆ. ಆಗಲಿ, ಮನೆ ಮಾತ್ರ ನೆಲಮಹಡಿಯಲ್ಲೇ ಹಿಡಿಯಿರಿ, ಅವರ ಮೊಣಕಾಲಿಗೆ ಮೆಟ್ಟಿಲು ಬೇಡ.