ಹುಳುವಿನ ಮಾತ್ರೆ ಅರ್ಧ ಕೊಟ್ಟರೆ ಸಾಕೆ?

ಸೋದರಿಯರೇ, ನಮ್ಮ ಭಂಡಿಗಡಿಯಲ್ಲಿ ಮಳೆ ಹಿಡಿಯಿತೆಂದರೆ ಅಡಿಕೆ ತೋಟದ ಮಣ್ಣು ಒಣಗುವ ಮಾತೇ ಇಲ್ಲ. ಮಕ್ಕಳೋ, ಬರಿಗಾಲಲ್ಲೇ ಓಡುತ್ತವೆ. ಇಂಬಳ ಕಚ್ಚಿದರೆ ಕಣ್ಣಿಗೆ ಕಾಣುತ್ತದೆ, ಕಿತ್ತೆಸೆಯುತ್ತೇವೆ. ಕಾಣದಂತೆ ಪಾದದ ಚರ್ಮ ಹೊಕ್ಕು, ಕರುಳು ಸೇರಿ ರಕ್ತ ಹೀರುವ ಕೊಕ್ಕೆಹುಳುವನ್ನು ಏನು ಮಾಡೋಣ?

ನಾನೂ ಒಮ್ಮೆ ತಪ್ಪಿದವಳೇ. ‘ಮಾತ್ರೆ ಉಷ್ಣ’ ಎಂದುಕೊಂಡು ಒಂದನ್ನೇ ಮುರಿದು ಶಾಲೆಗೆ ಹೋಗುವ ಇಬ್ಬರು ಮಕ್ಕಳಿಗೂ ಹಂಚಿದ್ದೆ. ಮಗಳು ಬಿಳಿಚಿಕೊಂಡೇ ಇದ್ದಳು. ಮನೆಗೆ ಬಂದ ನರ್ಸಮ್ಮ, “ಅರ್ಧ ಕೊಟ್ರೆ ಹುಳುವಿಗೆ ಮದ್ದಿನ ಅಭ್ಯಾಸ ಮಾಡ್ಸಿದ ಹಾಗಾಗ್ತದೆ ಅಷ್ಟೆ, ಮಾರಾಯ್ರೆ!” ಎಂದರು.

ಮದ್ದಿಗೆ ಹುಳು ಬಗ್ಗುತ್ತದೋ ಇಲ್ಲವೋ ಎಂಬುದನ್ನು ಪ್ರಯೋಗಾಲಯದಲ್ಲಿ ಎಣಿಸಿಯೇ ನೋಡುತ್ತಾರೆ. ಮಾತ್ರೆ ಕೊಡುವ ಮುಂಚೆ ಹಲವು ಮಕ್ಕಳ ಮಲದ ಮಾದರಿ ತರಿಸುತ್ತಾರೆ. 41.7 ಮಿಲಿಗ್ರಾಂ ಮಲವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆ ಎಣಿಸಿ 24ರಿಂದ ಗುಣಿಸಿದರೆ ಒಂದು ಗ್ರಾಂಗೆ ಎಷ್ಟೆಂದು ತಿಳಿಯುತ್ತದೆ. ಕೊಕ್ಕೆಹುಳುವಿನ ಮೊಟ್ಟೆ ಬೇಗ ಮಾಯವಾಗುವುದರಿಂದ ಗಂಟೆಯೊಳಗೇ ಎಣಿಕೆ ಮುಗಿಸಬೇಕು. ಮಾತ್ರೆ ಕೊಟ್ಟ ಎರಡು-ಮೂರು ವಾರಕ್ಕೆ ಮತ್ತೆ ಎಣಿಕೆ. ಸರಾಸರಿ 1000 ಇದ್ದದ್ದು 100ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದರೆ ಆಲ್ಬೆಂಡಜೋಲ್ ಮಾತ್ರೆ ಕೊಕ್ಕೆಹುಳುವಿನ ಮೇಲೆ ನಾಟಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಇಳಿಯದಿದ್ದರೆ ಎಚ್ಚರಿಕೆಯ ಗಂಟೆ.

ಕುರಿ-ಮೇಕೆಗಳ ಹುಳುಗಳಿಗೆ ಇನ್ನೊಂದು ಪರೀಕ್ಷೆ ಉಂಟು. ಮೊಟ್ಟೆಗಳನ್ನು ಮದ್ದು ಬೆರೆಸಿದ ನೀರಿನಲ್ಲಿ ಎರಡು ದಿನ ಇಟ್ಟು, ಎಷ್ಟು ಒಡೆದು ಮರಿಯಾದವೆಂದು ನೋಡುವುದು. ಮದ್ದು ಹೆಚ್ಚಿದ್ದರೂ ಮರಿಗಳು ಹೊರಬಂದರೆ ಆ ಹುಳು ಮದ್ದಿಗೆ ಜಗ್ಗದ್ದೆಂದು ಲೆಕ್ಕ. ಅಂಥ ಹುಳುಗಳು ನಮ್ಮ ದೇಶದ ಕುರಿಗಳಲ್ಲೂ ಕಂಡಿವೆ. ಮದ್ದು ಕಡಿಮೆ ಬಿದ್ದರೆ ಮೆತ್ತನೆಯವು ಸತ್ತು ಗಟ್ಟಿಯವು ಉಳಿಯುತ್ತವೆ. ಮುಂದೆ ಅವುಗಳದೇ ಸಂತಾನ. ಮನೆಮಕ್ಕಳ ಹೊಟ್ಟೆಯಲ್ಲಿ ಆ ಗತಿ ಬರಬಾರದಲ್ಲವೇ?

2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಒಂದರಿಂದ ಎರಡು ವರ್ಷದ ಕೂಸಿಗೆ ಮಾತ್ರ ಅರ್ಧ, ಅದನ್ನೂ ಪುಡಿಮಾಡಿ ನೀರಿನಲ್ಲಿ ಕದಡಿ ಕೊಡಬೇಕು. ಎರಡು ತುಂಬಿದವರಿಗೆ 400 ಮಿಲಿಗ್ರಾಂನ ಇಡೀ ಮಾತ್ರೆ; ಮೂರು ತುಂಬುವವರೆಗೆ ಅದನ್ನೂ ಪುಡಿಮಾಡಿ ನೀರಿನಲ್ಲಿ ಕದಡಿ ಕೊಡಬೇಕು, ಮೂರು ತುಂಬಿದವರು ಚೆನ್ನಾಗಿ ಅಗಿದು ನುಂಗಬೇಕು. ಜ್ವರವಿದ್ದರೆ ಅಂದು ಬೇಡ. ಗುಣವಾದ ಮೇಲೆ ಕೊಡಿಸಿ. ಮಗು ಬಿಳಿಚಿದ್ದರೆ ರಕ್ತ ಪರೀಕ್ಷೆಯನ್ನೂ ಮಾಡಿಸಿ.

ಆದರೆ ಮಾತ್ರೆ ಒಂದೇ ಸಾಲದು. ಬಯಲಿಗೆ ಹೋಗುವುದು ನಿಂತರೆ ಮಣ್ಣಿಗೆ ಮೊಟ್ಟೆ ಬೀಳದು. ಕಾಲಿಗೆ ಚಪ್ಪಲಿ ಇದ್ದರೆ ಮರಿಹುಳು ಒಳಹೊಗದು. ಈಗ ಮಗಳು ತೋಟಕ್ಕೆ ಹೊರಟರೆ ನನ್ನ ಕಣ್ಣು ಮೊದಲು ಹೋಗುವುದು ಅವಳ ಕಾಲಿನ ಕಡೆಗೇ. ನಿಮ್ಮದೂ ಹೋಗಲಿ.